ಲೈಫ್ ಕೋಚಿಂಗ್: ಹಿತ್ತಲ ಗಿಡಕ್ಕೆ ನೀರೆರೆಯದವರ ಆಕ್ಷೇಪಣೆ

'ಲೈಫ್ ಕೋಚ್' ಎಂಬ ಹೆಸರು ಶ್ರಾವಕ ಕುಟುಂಬಗಳಿಗೆ ಈಗ ಅಪರಿಚಿತವಲ್ಲ. ನಗರಗಳಲ್ಲಿ ಓದಿ ಉದ್ಯೋಗ ಹಿಡಿದ ತರುಣ ತರುಣಿಯರು, ತಂದೆಯ ಅಂಗಡಿಯನ್ನು ವಹಿಸಿಕೊಂಡ ಮಕ್ಕಳು, ಮದುವೆಯಾಗಿ ಪರಸ್ಥಳ ಸೇರಿದ ಹೆಣ್ಣುಮಕ್ಕಳು ವಾರಕ್ಕೋ ಪಕ್ಷಕ್ಕೋ ಒಂದು ಗಂಟೆ ಹಣ ತೆತ್ತು, ಬಂಧುವೂ ಅಲ್ಲದ ಗುರುವೂ ಅಲ್ಲದ ಒಬ್ಬರ ಮುಂದೆ ತಮ್ಮ ಬಾಳಿನ ಗೊಂದಲವನ್ನು ತೋಡಿಕೊಳ್ಳುತ್ತಿದ್ದಾರೆ. ಈ ಸುದ್ದಿ ಕಿವಿಗೆ ಬಿದ್ದೊಡನೆ ಹಿರಿಯರ ಬಾಯಿಂದ ಬರುವ ಮಾತು ಒಂದೇ: "ಮನೆಯಲ್ಲಿ ದೊಡ್ಡವರಿಲ್ಲವೇ? ಬಸದಿಯಿಲ್ಲವೇ? ಗುರುಗಳಿಲ್ಲವೇ? ಹಿತ್ತಲ ಗಿಡ ಮದ್ದಲ್ಲವೆಂದು ಪರದೇಶದ ಸರಕಿಗೆ ದುಡ್ಡು ಸುರಿಯಬೇಕೇ?"

ಪ್ರಶ್ನೆ ಕೇಳಲು ಸೊಗಸಾಗಿದೆ. ಅದರ ಉತ್ತರ ಮಾತ್ರ ಕೇಳಿದವರಿಗೆ ಹಿತವೆನಿಸದು. ಹಿತ್ತಲಲ್ಲಿ ಗಿಡವಿದ್ದುದು ನಿಜ. ಅದು ಮದ್ದಾಗಿದ್ದುದೂ ನಿಜ. ಆದರೆ ಅದಕ್ಕೆ ನೀರೆರೆದು ಎಷ್ಟು ಕಾಲವಾಯಿತು? ಒಣಗಿದ ಗಿಡವನ್ನು ತೋರಿಸಿ, ಔಷಧಿಯಂಗಡಿಗೆ ಹೋದವನನ್ನು ಹಳಿಯುವುದು ಯಾವ ನ್ಯಾಯ? ಲೈಫ್ ಕೋಚಿಂಗಿನಲ್ಲಿ ಉಪಯೋಗವೂ ಉಂಟು, ಅಪಾಯವೂ ಉಂಟು. ಅವೆರಡನ್ನೂ ತೂಗಿ ನೋಡದೆ ನಗೆಯಾಡುವವರು ತಮ್ಮ ಮಕ್ಕಳನ್ನು ಅಪಾಯದ ಕಡೆಗೇ ತಳ್ಳುತ್ತಿದ್ದಾರೆ.

ಇದರ ಹುಟ್ಟು, ಇದರ ಸ್ವರೂಪ

ಕೋಚಿಂಗ್ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಪರೀಕ್ಷೆಯ ಮನೆಪಾಠ, ಇಲ್ಲವೆ ಆಟದ ಮೈದಾನ. ಶಬ್ದದ ಮೂಲ ಹಂಗೇರಿ ದೇಶದ ಒಂದು ಹಳ್ಳಿ. ಆ ಹಳ್ಳಿಯಲ್ಲಿ ತಯಾರಾದ ಬಂಡಿಯು ಊರ ಹೆಸರಿನಿಂದಲೇ ಯೂರೋಪಿನಲ್ಲೆಲ್ಲ ಪ್ರಸಿದ್ಧಿ ಪಡೆಯಿತು. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ವಿದ್ಯಾರ್ಥಿಗಳು, ತಮ್ಮನ್ನು ಪರೀಕ್ಷೆಯಿಂದ ದಾಟಿಸುವ ಖಾಸಗಿ ಅಧ್ಯಾಪಕನನ್ನು ವಿನೋದಕ್ಕಾಗಿ ಈ ಬಂಡಿಯ ಹೆಸರಿನಿಂದ ಕರೆಯತೊಡಗಿದರು. ಬಂಡಿಯ ಕೆಲಸ ಪ್ರಯಾಣಿಕನನ್ನು ಅವನು ಹೇಳಿದ ಊರಿಗೆ ಮುಟ್ಟಿಸುವುದು. ಊರನ್ನು ಆರಿಸುವವನು ಪ್ರಯಾಣಿಕನೇ ಹೊರತು ಬಂಡಿಯಲ್ಲ. ಲೈಫ್ ಕೋಚಿಂಗಿನ ತತ್ತ್ವವೂ ಇಷ್ಟೇ.

1974ರಲ್ಲಿ ಟಿಮೊಥಿ ಗಾಲ್ವೇ ಎಂಬ ಅಮೆರಿಕದ ಟೆನಿಸ್ ಶಿಕ್ಷಕರು ಬರೆದ ಪುಸ್ತಕವೊಂದು, ಆಟಗಾರನಿಗೆ ಎದುರಾಳಿಗಿಂತ ದೊಡ್ಡ ಅಡ್ಡಿ ಅವನ ಮನಸ್ಸಿನೊಳಗೇ ಇರುತ್ತದೆಂದು ತೋರಿಸಿತು. 1992ರಲ್ಲಿ ಇಂಗ್ಲೆಂಡಿನ ಜಾನ್ ವಿಟ್ಮೋರ್ ತಮ್ಮ ಗ್ರಂಥದಲ್ಲಿ ನಾಲ್ಕು ಮೆಟ್ಟಿಲುಗಳ ಕ್ರಮವನ್ನು ವಿವರಿಸಿದರು: ಗುರಿ ಯಾವುದು, ಸದ್ಯದ ಸ್ಥಿತಿ ಏನು, ಇರುವ ದಾರಿಗಳೆಷ್ಟು, ಅವುಗಳಲ್ಲಿ ಯಾವುದನ್ನು ನಿಶ್ಚಯವಾಗಿ ಹಿಡಿಯುವುದು. ಅದೇ ವರ್ಷ ಅಮೆರಿಕದ ಥಾಮಸ್ ಲಿಯೊನಾರ್ಡ್ ಲೈಫ್ ಕೋಚ್‌ಗಳನ್ನು ತಯಾರಿಸುವ ಶಾಲೆಯನ್ನು ತೆರೆದರು. 1995ರಲ್ಲಿ ಇಂಟರ್‌ನ್ಯಾಷನಲ್ ಕೋಚ್ ಫೆಡರೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ವ್ಯಾಪಾರಿ ಕುಟುಂಬಗಳು ಗಮನಿಸಬೇಕಾದ ಸಂಗತಿಯೆಂದರೆ ಲಿಯೊನಾರ್ಡ್ ಮನೋವೈದ್ಯರಾಗಿರಲಿಲ್ಲ, ಧರ್ಮಬೋಧಕರೂ ಆಗಿರಲಿಲ್ಲ. ಜನರ ಹಣಕಾಸಿನ ಯೋಜನೆ ಹಾಕಿಕೊಡುವ ವೃತ್ತಿಯವರಾಗಿದ್ದರು. ಹಣದ ಲೆಕ್ಕ ಸರಿಯಾಗಿದ್ದರೂ ಬಾಳಿನ ಲೆಕ್ಕ ಸರಿಯಾಗದ ಜನರು ಲೋಕದಲ್ಲಿ ಎಷ್ಟೋ ಮಂದಿ. ಈ ವೃತ್ತಿ ಬೆಳೆದದ್ದು ಅಂಥವರಿಂದಲೇ.

ಆ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಎಲ್ಲ ಬಗೆಯ ಕೋಚ್‌ಗಳ ಸಂಖ್ಯೆ 2019ರಲ್ಲಿ ಸುಮಾರು 71,000 ಇದ್ದುದು 2022ಕ್ಕೆ ಸುಮಾರು 1,09,200 ಆಯಿತು. ಅವರ ಒಟ್ಟು ವರಮಾನ ಸುಮಾರು 285 ಕೋಟಿ ಡಾಲರಿನಿಂದ 456 ಕೋಟಿ ಡಾಲರಿಗೆ ಏರಿತು. ಮೂರು ವರ್ಷಗಳಲ್ಲಿ ಇಷ್ಟು ಬೆಳೆದ ವ್ಯವಹಾರವನ್ನು ಬರಿಯ ಮರುಳಾಟವೆಂದು ತಳ್ಳಿಹಾಕುವವನು ವ್ಯಾಪಾರವನ್ನು ಅರಿತವನಲ್ಲ. ಗಿರಾಕಿಯು ಒಂದು ಅಂಗಡಿಯನ್ನು ಬಿಟ್ಟು ಇನ್ನೊಂದಕ್ಕೆ ಹೋದಾಗ ಜಾಣ ವರ್ತಕನು ಗಿರಾಕಿಯನ್ನು ಬೈಯುವುದಿಲ್ಲ. ತನ್ನ ಅಂಗಡಿಯಲ್ಲಿ ಯಾವ ದಾಸ್ತಾನು ಮುಗಿದಿದೆಯೆಂದು ನೋಡುತ್ತಾನೆ.

ಆ ಒಂದು ಗಂಟೆಯಲ್ಲಿ ಏನು ನಡೆಯುತ್ತದೆ?

ತಂದೆಯ ಬಟ್ಟೆ ಅಂಗಡಿಯಲ್ಲಿ ಕೂರುವುದೋ, ಕಲಿತ ವಿದ್ಯೆಗೆ ತಕ್ಕ ಉದ್ಯೋಗ ಹಿಡಿಯುವುದೋ ಎಂದು ತೊಳಲುವ ಒಬ್ಬ ತರುಣನನ್ನು ಊಹಿಸಿಕೊಳ್ಳಬಹುದು. ಮನೆಯಲ್ಲಿ ಅವನು ಬಾಯಿ ತೆರೆದೊಡನೆ ತಂದೆ ಅಂಗಡಿ ಕಟ್ಟಿದ ಕಷ್ಟವನ್ನು ಹೇಳುತ್ತಾರೆ, ತಾಯಿ ಕಣ್ಣೀರು ತರುತ್ತಾರೆ, ಚಿಕ್ಕಪ್ಪ ಊರವರು ಏನೆಂದಾರೆಂದು ಕೇಳುತ್ತಾರೆ, ಸೋದರಮಾವ ಮದುವೆಯಾದರೆ ಎಲ್ಲವೂ ಸರಿಹೋಗುವುದೆನ್ನುತ್ತಾರೆ. ನಾಲ್ವರೂ ಅವನ ಹಿತೈಷಿಗಳೇ. ಆದರೆ ನಾಲ್ವರಿಗೂ ಆ ತೀರ್ಮಾನದಲ್ಲಿ ತಮ್ಮದೊಂದು ಪಾಲಿದೆ. ಮಾತು ಮುಗಿದಾಗ ಹುಡುಗನು ಏನು ಹೇಳಬೇಕೆಂದಿದ್ದನೆಂಬುದು ಯಾರಿಗೂ ತಿಳಿದಿರುವುದಿಲ್ಲ.

ಯೋಗ್ಯನಾದ ಕೋಚ್ ಇದನ್ನು ತಿರುಗಿಸುತ್ತಾನೆ. ಐದು ವರ್ಷಗಳ ಬಳಿಕ ಎಲ್ಲಿರಬೇಕೆಂಬ ಆಸೆ? ಅಂಗಡಿಯಲ್ಲಿ ಬೇಸರ ತರುವುದು ಕೆಲಸವೋ, ತನ್ನ ಮಾತಿಗೆ ಬೆಲೆಯಿಲ್ಲದಿರುವುದೋ? ತಂದೆಯೊಡನೆ ಇದನ್ನು ನೇರವಾಗಿ ಎಂದಾದರೂ ಆಡಿದ್ದುಂಟೇ? ಬರುವ ಭಾನುವಾರದೊಳಗೆ ಮಾಡಬಹುದಾದ ಒಂದು ಕೆಲಸ ಯಾವುದು? ಹೀಗೆ ಕೇಳಿ, ಉತ್ತರ ಬರುವವರೆಗೂ ಸುಮ್ಮನಿರುತ್ತಾನೆ. ಮುಂದಿನ ಭೇಟಿಯಲ್ಲಿ ಆ ಕೆಲಸ ಆಯಿತೇ ಎಂದು ವಿಚಾರಿಸುತ್ತಾನೆ. ಆಗದಿದ್ದರೆ ಗದರುವುದಿಲ್ಲ, ಏಕೆ ಆಗಲಿಲ್ಲವೆಂದು ಮತ್ತೆ ಕೇಳುತ್ತಾನೆ. ಹುಡುಗನು ಕೊನೆಗೆ ಅಂಗಡಿಯನ್ನೇ ಆರಿಸಿಕೊಳ್ಳಲೂಬಹುದು. ಆದರೆ ಆಗ ಅದು ಅವನು ಆರಿಸಿಕೊಂಡ ಅಂಗಡಿಯಾಗಿರುತ್ತದೆ, ಅವನ ತಲೆಗೆ ಕಟ್ಟಿದ ಅಂಗಡಿಯಾಗಿರುವುದಿಲ್ಲ.

ಇದರಿಂದ ಪ್ರಯೋಜನವಿದೆಯೇ ಎಂಬುದನ್ನು ವಿದ್ವಾಂಸರು ಪರೀಕ್ಷಿಸಿದ್ದಾರೆ. 2014ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು 18 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಂಸ್ಥೆಗಳಲ್ಲಿ ದುಡಿಯುವವರ ಕಾರ್ಯಕ್ಷಮತೆ, ನೆಮ್ಮದಿ, ಒತ್ತಡವನ್ನು ಎದುರಿಸುವ ಶಕ್ತಿ, ಗುರಿಯತ್ತ ತಮ್ಮನ್ನು ತಾವೇ ನಡೆಸಿಕೊಳ್ಳುವ ಅಭ್ಯಾಸ ಇವೆಲ್ಲದರ ಮೇಲೂ ಕೋಚಿಂಗಿನಿಂದ ಒಳ್ಳೆಯ ಪರಿಣಾಮವಾದುದು ಕಂಡುಬಂತು. ಆಸ್ಟ್ರೇಲಿಯದಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ಆಂಥೊನಿ ಗ್ರಾಂಟ್ ಮತ್ತು ಅವರ ಸಹೋದ್ಯೋಗಿಗಳು ಸಾಮಾನ್ಯ ಜನರ ಮೇಲೆ ಲೈಫ್ ಕೋಚಿಂಗಿನ ಪ್ರಯೋಗಗಳನ್ನೇ ನಡೆಸಿ, ಜನರು ತಾವು ಬಹುಕಾಲದಿಂದ ಮುಂದೂಡಿದ ಗುರಿಗಳತ್ತ ಸಾಗಿದುದನ್ನು ದಾಖಲಿಸಿದರು. ಪವಾಡವೇನೂ ಅಲ್ಲ, ಆದರೆ ಶೂನ್ಯವೂ ಅಲ್ಲ.

ಆಕ್ಷೇಪಕರ ಮೂರು ವಾದಗಳು

ಮೊದಲನೆಯದು, ಕೇಳಿಸಿಕೊಳ್ಳುವುದಕ್ಕೆ ಹಣವೇಕೆ ಎಂಬ ವಾದ. ಹಣ ಕೊಡುವುದರಲ್ಲಿ ಒಂದು ಮರ್ಮವಿದೆ. ಹಣ ಕೊಟ್ಟವನು ಋಣಿಯಲ್ಲ. ಬಂಧುವಿನ ಬಳಿ ಕಷ್ಟ ಹೇಳಿಕೊಂಡವನು ಆ ಉಪಕಾರವನ್ನು ಜೀವಮಾನವಿಡೀ ಹೊರಬೇಕಾಗುತ್ತದೆ. ಮುಂದೊಂದು ದಿನ ಆಸ್ತಿಯ ಮಾತಿನಲ್ಲೋ ನಿಶ್ಚಿತಾರ್ಥದ ಮಾತಿನಲ್ಲೋ ಅದು ಬಡ್ಡಿ ಸಹಿತ ವಸೂಲಾಗುತ್ತದೆ. ಶುಲ್ಕ ಕೊಟ್ಟು ಎದ್ದುಬಂದವನ ಖಾತೆಯಲ್ಲಿ ಬಾಕಿ ಇರುವುದಿಲ್ಲ.

ಎರಡನೆಯದು, ಗುರುಗಳಿರುವಾಗ ಬೇರೆಯವರೇಕೆ ಎಂಬ ವಾದ. ಇದನ್ನು ಆಡುವವರು ಮುನಿಧರ್ಮವನ್ನು ಅರಿತಿದ್ದಾರೆಯೇ ಎಂಬ ಸಂದೇಹ ಬರುತ್ತದೆ. ಮಹಾವ್ರತಿಗಳು ಆರಂಭ ಪರಿಗ್ರಹಗಳನ್ನು ಮಾಡುವುದಿಲ್ಲ, ಮಾಡಿಸುವುದಿಲ್ಲ, ಮಾಡಿದ್ದನ್ನು ಅನುಮೋದಿಸುವುದೂ ಇಲ್ಲ. ಉದ್ಯೋಗ ಬದಲಿಸಲೇ, ಪಾಲುದಾರಿಕೆ ಮುರಿಯಲೇ, ಗಂಡನ ಮನೆಯಲ್ಲಿ ಬೇರೆ ಅಡಿಗೆ ಹೂಡಲೇ ಎಂಬ ಪ್ರಶ್ನೆಗಳನ್ನು ಅವರ ಪಾದದ ಬಳಿ ಸುರಿಯುವುದು ಭಕ್ತಿಯಲ್ಲ, ಅವರ ವ್ರತಕ್ಕೆ ಭಾರ. ಅವರು ಒಂದೆಡೆ ನೆಲೆಸುವುದು ಚಾತುರ್ಮಾಸದಲ್ಲಿ ಮಾತ್ರ. ಏಕಾಂತದಲ್ಲಿ ಸ್ತ್ರೀಯರೊಡನೆ ಮಾತಾಡುವುದು ಅವರಿಗೆ ನಿಷಿದ್ಧ. ಹೀಗಿರುವಾಗ ದಾಂಪತ್ಯದಲ್ಲಿ ನೊಂದ ಹೆಣ್ಣುಮಗಳಿಗೆ "ಗುರುಗಳಿದ್ದಾರಲ್ಲ" ಎಂದು ಹೇಳುವುದು ಗುರುಭಕ್ತಿಯ ಹೆಸರಿನಲ್ಲಿ ಹೊಣೆಯಿಂದ ಜಾರಿಕೊಳ್ಳುವ ಉಪಾಯವಷ್ಟೆ. ಗುರುಗಳು ತೋರುವುದು ಮೋಕ್ಷಮಾರ್ಗವನ್ನು. ಗೃಹಸ್ಥನ ಗೊಂದಲವನ್ನು ಕೇಳಬೇಕಾದವನು ಗೃಹಸ್ಥನೇ.

ಮೂರನೆಯದು, ಮನೆಯ ಮಾತು ಮನೆಯಲ್ಲೇ ಇರಲಿ ಎಂಬ ವಾದ. ಇದ್ದಿದ್ದರೆ ಒಳ್ಳೆಯದೇ! ಸಂಜೆ ಅತ್ತೆಯ ಬಳಿ ಆಡಿದ ಮಾತು ಮರುದಿನ ಬೆಳಿಗ್ಗೆ ಅಭಿಷೇಕದ ಹೊತ್ತಿಗೆ ಬಸದಿಯ ಜಗಲಿಯಲ್ಲಿರುತ್ತದೆ. ವಾರದೊಳಗೆ ಬೀಗರ ಊರಿನಲ್ಲಿರುತ್ತದೆ. ತತ್ತ್ವಾರ್ಥಸೂತ್ರವು ಸತ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಅವುಗಳಲ್ಲಿ ಮಿಥ್ಯೋಪದೇಶವೆಂದರೆ ದಾರಿತಪ್ಪಿಸುವ ಉಪದೇಶ. ರಹೋಭ್ಯಾಖ್ಯಾನವೆಂದರೆ ಗುಟ್ಟಿನ ಮಾತನ್ನು ಬಯಲಿಗೆಳೆಯುವುದು. ಸಾಕಾರಮಂತ್ರಭೇದವೆಂದರೆ ಮುಖಚರ್ಯೆಯಿಂದ ಇನ್ನೊಬ್ಬರ ಮನಸ್ಸನ್ನು ಊಹಿಸಿ ಹೊರಗೆ ಹೇಳುವುದು. ನ್ಯಾಸಾಪಹಾರವೆಂದರೆ ನಂಬಿ ಇಟ್ಟ ಇಡುಗಂಟನ್ನು ಹಿಂದಿರುಗಿಸದೆ ನುಂಗುವುದು. ಉಳಿದ ಒಂದು ಕೂಟಲೇಖ, ಅಂದರೆ ಸುಳ್ಳು ಪತ್ರ ಬರೆಯುವುದು. ಈ ಸೂತ್ರವನ್ನು ದಶಲಕ್ಷಣ ಪರ್ವದಲ್ಲಿ ಪಠಿಸಿದವರೇ ಜಗಲಿಯ ಮೇಲೆ ಕುಳಿತು ಅದರ ಅತಿಚಾರಗಳನ್ನು ಒಂದೊಂದಾಗಿ ಮಾಡುತ್ತಾರೆ. ಒಬ್ಬ ಮಗನು ನಂಬಿ ಹೇಳಿದ ಮಾತೂ ಒಂದು ಇಡುಗಂಟೇ. ಒಮ್ಮೆ ಇಡುಗಂಟು ಕಳೆದುಕೊಂಡವನು ಮರಳಿ ಅದೇ ಅಂಗಡಿಯಲ್ಲಿ ಇಡುತ್ತಾನೆಯೇ?

ಸ್ಥಿತಿಕರಣವೆಂಬ ಮರೆತ ಅಂಗ

ಶಾಸ್ತ್ರದಲ್ಲಿ ಈ ಕೆಲಸಕ್ಕೆ ಹೆಸರಿಲ್ಲವೆಂದಲ್ಲ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತಿಕರಣ, ವಾತ್ಸಲ್ಯ ಎಂಬ ಮೂರು ಅಂಗಗಳು ಇದನ್ನೇ ಹೇಳುತ್ತವೆ. ಅನ್ಯರ ದೋಷವನ್ನು ಸಾರದೆ ಮುಚ್ಚುವುದು ಉಪಗೂಹನ. ಕದಲಿದವನನ್ನು ಮರಳಿ ನಿಲ್ಲಿಸುವುದು ಸ್ಥಿತಿಕರಣ. ಸಹಧರ್ಮಿಯಲ್ಲಿ ಕಪಟವಿಲ್ಲದ ಪ್ರೀತಿ ವಾತ್ಸಲ್ಯ. ಸ್ಥಿತಿಕರಣಕ್ಕೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವಾರಿಷೇಣ ಮುನಿಯನ್ನು ಉದಾಹರಿಸಿದ್ದಾರೆ. ದೀಕ್ಷೆ ಪಡೆದ ಮೇಲೂ ಮನೆಯ ಹೆಂಡತಿಯನ್ನೇ ನೆನೆಯುತ್ತಿದ್ದ ಮಿತ್ರ ಪುಷ್ಪಡಾಲನಿಗೆ ವಾರಿಷೇಣನು ಬೈಗುಳ ಸುರಿಸಲಿಲ್ಲ. ಅವನನ್ನು ಅರಮನೆಗೆ ಕರೆದೊಯ್ದು, ತಾನು ಬಿಟ್ಟುಬಂದ ಭೋಗವನ್ನು ಕಣ್ಣಿಗೆ ಕಾಣಿಸಿದನು. ತೀರ್ಮಾನ ಪುಷ್ಪಡಾಲನ ಎದೆಯಲ್ಲಿಯೇ ಹುಟ್ಟಿತು. ಕಥೆಯನ್ನು ಬಾಲಬೋಧೆಯಲ್ಲಿ ಹೇಳಿಕೊಡುವವರು ಅದರ ವಿಧಾನವನ್ನು ಮಾತ್ರ ಕಲಿಯಲಿಲ್ಲ.

ಕೇಳುವವನು ಹೇಗಿರಬೇಕೆಂಬುದನ್ನೂ ಪ್ರಾಚೀನರು ನಿಷ್ಕರ್ಷಿಸಿದ್ದರು. ಶಿವಾರ್ಯರ ಭಗವತೀ ಆರಾಧನೆಯಲ್ಲಿ, ಕ್ಷಪಕನ ಆಲೋಚನೆಯನ್ನು ಕೇಳುವ ಆಚಾರ್ಯನಿಗೆ ಇರಬೇಕಾದ ಗುಣಗಳಲ್ಲಿ 'ಅಪರಿಸ್ರಾವಿ' ಎಂಬುದೂ ಒಂದು: ಕೇಳಿದ್ದನ್ನು ಸೋರಿಸದವನು. ಅರಿವು ಬಲಿಯದವನ ಮುಂದೆ ದೋಷವನ್ನು ಹೇಳಿಕೊಳ್ಳುವುದು, ಅದೇ ದೋಷವುಳ್ಳವನ ಮುಂದೆ ಹೇಳಿಕೊಳ್ಳುವುದು ಇವನ್ನು ಆಲೋಚನೆಯ ಹತ್ತು ದೋಷಗಳಲ್ಲಿ ಎಣಿಸಲಾಗಿದೆ. ಮುನಿಸಂಘದ ಪ್ರಾಯಶ್ಚಿತ್ತಕ್ಕೂ ಪೇಟೆಯ ಕೋಚಿಂಗಿಗೂ ಅಜಗಜಾಂತರವಿದೆ. ಒಂದು ಕರ್ಮನಿರ್ಜರೆಗಾಗಿ, ಇನ್ನೊಂದು ಲೋಕವ್ಯವಹಾರಕ್ಕಾಗಿ. ಆದರೂ ಕೇಳುವವನ ಯೋಗ್ಯತೆಯ ವಿಷಯದಲ್ಲಿ ಇಷ್ಟೊಂದು ಎಚ್ಚರ ವಹಿಸಿದ ಪರಂಪರೆಯ ವಾರಸುದಾರರು, ಇಂದು ಕೇಳುವವರನ್ನೇ ತಯಾರಿಸದೆ ಉಪದೇಶಕರನ್ನು ಮಾತ್ರ ಹೆಚ್ಚಿಸಿಕೊಂಡಿರುವುದು ವಿಷಾದದ ಸಂಗತಿ.

ಮುದ್ರೆಯಿಲ್ಲದ ತಕ್ಕಡಿ

ಇಷ್ಟು ಹೇಳಿದ್ದರಿಂದ ಫಲಕ ತಗುಲಿಸಿದವರೆಲ್ಲರೂ ಯೋಗ್ಯರೆಂದಾಗುವುದಿಲ್ಲ. ಭಾರತದಲ್ಲಿ ವಕೀಲನಾಗಲು 1961ರ ಅಧಿನಿಯಮದಂತೆ, ಲೆಕ್ಕ ಪರಿಶೋಧಕನಾಗಲು 1949ರ ಅಧಿನಿಯಮದಂತೆ ನೋಂದಣಿ ಬೇಕು. ಶುಲ್ಕ ಪಡೆದು ಹೂಡಿಕೆಯ ಸಲಹೆ ಕೊಡುವವನಿಗೆ ಸೆಬಿಯ 2013ರ ನಿಯಮಾವಳಿ ಇದೆ. ದಿನಸಿ ಅಂಗಡಿಯ ತಕ್ಕಡಿಗೂ ಸರಕಾರದ ಮುದ್ರೆ ಬೀಳಬೇಕು. ಬಾಳಿನ ವಿಷಯದಲ್ಲಿ ಹಣ ಪಡೆದು ಮಾತಾಡುವ ಲೈಫ್ ಕೋಚ್‌ಗೆ ಮಾತ್ರ ಯಾವ ಅಧಿನಿಯಮವೂ ಇಲ್ಲ, ಯಾವ ನೋಂದಣಿಯೂ ಇಲ್ಲ. ಇಂದು ಬೆಳಿಗ್ಗೆ ಮನಸ್ಸಿಗೆ ಬಂದರೆ ಸಂಜೆಗೆ ಯಾರು ಬೇಕಾದರೂ ಆ ಹೆಸರನ್ನು ಧರಿಸಬಹುದು.

ಅಪಾಯ ಸಣ್ಣದಲ್ಲ. ಆಸ್ಟ್ರೇಲಿಯದ ಅಧ್ಯಯನಗಳಲ್ಲಿ, ಲೈಫ್ ಕೋಚಿಂಗಿಗೆ ತಾವಾಗಿಯೇ ಬಂದವರಲ್ಲಿ ಸುಮಾರು ಕಾಲುಭಾಗದಿಂದ ಅರ್ಧದಷ್ಟು ಜನರಿಗೆ ಗಂಭೀರವಾದ ಮಾನಸಿಕ ಕ್ಲೇಶವಿದ್ದುದು ಕಂಡುಬಂದಿದೆ. ಅಂದರೆ ಚಿಕಿತ್ಸೆ ಬೇಕಾದವರು ಬಂಡಿಯನ್ನು ಹತ್ತಿ ಕುಳಿತಿರುತ್ತಾರೆ. ಬಂಡಿಯವನಿಗೆ ರೋಗದ ಗುರುತು ತಿಳಿಯದಿದ್ದರೆ ಗತಿಯೇನು? ಬಾಳನ್ನು ಬದಲಿಸಿಕೊಡುವುದಾಗಿ ಪ್ರಚಾರ ಮಾಡುತ್ತಿದ್ದ ಜೇಮ್ಸ್ ಆರ್ಥರ್ ರೇ ಎಂಬ ಅಮೆರಿಕದ ಬೋಧಕನು 2009ರ ಅಕ್ಟೋಬರಿನಲ್ಲಿ ಅರಿಜೋನದ ಸೆಡೋನದಲ್ಲಿ, ತಲಾ ಒಂಬತ್ತು ಸಾವಿರ ಡಾಲರಿಗೂ ಮೀರಿ ಶುಲ್ಕ ತೆತ್ತವರನ್ನು ಕಾದ ಕಲ್ಲುಗಳ ಬಿಸಿಗುಡಾರದಲ್ಲಿ ಕೂರಿಸಿದನು. ಮೂವರು ಸತ್ತರು. 2011ರಲ್ಲಿ ನ್ಯಾಯಾಲಯವು ಅವನಿಗೆ ಎರಡು ವರ್ಷಗಳ ಸೆರೆವಾಸ ವಿಧಿಸಿತು. ಮಿಥ್ಯೋಪದೇಶದ ಫಲ ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಬೇರೆ ನಿದರ್ಶನ ಬೇಡ.

ಆದುದರಿಂದ ಮಕ್ಕಳನ್ನು ತಡೆಯುವುದರ ಬದಲು ಸರಕನ್ನು ಪರೀಕ್ಷಿಸುವುದನ್ನು ಕಲಿಸಬೇಕು. ತರಬೇತಿ ಎಷ್ಟು ಗಂಟೆ ಪಡೆದಿರಿ ಎಂದು ಕೇಳಬೇಕು. ಮೇಲೆ ಹೇಳಿದ ಸಂಸ್ಥೆಯು, 2020ರಿಂದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಷನ್ ಎಂಬ ಹೆಸರಿನಲ್ಲಿ ನಡೆಯುತ್ತಿದ್ದು, ತನ್ನ ಮೊದಲ ದರ್ಜೆಯ ಮನ್ನಣೆಗೇ 60 ಗಂಟೆಗಳ ಶಿಕ್ಷಣವನ್ನೂ 100 ಗಂಟೆಗಳ ಅನುಭವವನ್ನೂ ಕೇಳುತ್ತದೆ. ಅತ್ಯುನ್ನತ ದರ್ಜೆಗೆ 200 ಗಂಟೆಗಳ ಶಿಕ್ಷಣ, 2,500 ಗಂಟೆಗಳ ಅನುಭವ. ಶುಲ್ಕ, ಅವಧಿ, ಗೋಪ್ಯತೆ ಮೂರೂ ಬರೆಹದಲ್ಲಿರಬೇಕು. ವರ್ಷದ ಹಣ ಮುಂಗಡವಾಗಿ ಕೇಳುವವನು, ಫಲಕ್ಕೆ ಖಾತರಿ ಕೊಡುವವನು, ವೈದ್ಯರ ಔಷಧಿ ಬಿಡಿಸುವವನು, ಮನೆಯವರನ್ನು ದೂರಮಾಡೆನ್ನುವವನು ಈ ನಾಲ್ವರ ಬಾಗಿಲಿಗೆ ಮರಳಿ ಹೋಗಬಾರದು. ನಿದ್ರೆ ಕೆಟ್ಟು, ಊಟ ಸೇರದೆ, ಸಾಯುವ ಮಾತು ಬಂದರಂತೂ ಅದು ಕೋಚ್‌ನ ಕೆಲಸವೇ ಅಲ್ಲ, ವೈದ್ಯರದು. ಕೇಂದ್ರ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಪ್ರತಿಯೊಂದು ಬಸದಿಯ ಸೂಚನಾಫಲಕದಲ್ಲಿ ಪಂಚಾಂಗದ ಪಕ್ಕದಲ್ಲಿ ಈ ಸಂಖ್ಯೆ ಇರತಕ್ಕದ್ದು.

ಟ್ರಸ್ಟುಗಳು ಮಾಡಬೇಕಾದುದು

ಇನ್ನು ಉಳಿದದ್ದು ಹೊಣೆಯ ಪ್ರಶ್ನೆ. ಕಲಶದ ಸವಾಲಿನಲ್ಲಿ ಒಂದೇ ದಿನ ಲಕ್ಷಗಳು ಏರುತ್ತವೆ. ಶಿಖರಕ್ಕೆ, ನೆಲದ ಕಲ್ಲಿಗೆ, ಕಲ್ಯಾಣಮಂಟಪಕ್ಕೆ ಹಣ ಹರಿಯುತ್ತದೆ. ಅವು ಬೇಡವೆಂದಲ್ಲ. ಆದರೆ ಅಷ್ಟು ದೊಡ್ಡ ಕಟ್ಟಡದಲ್ಲಿ, ಮನಸ್ಸು ಕದಲಿದ ಒಬ್ಬ ಸಹಧರ್ಮಿ ಬಾಗಿಲು ಮುಚ್ಚಿಕೊಂಡು ಒಂದು ಗಂಟೆ ಮಾತಾಡಲು ಒಂದು ಕೋಣೆ ಇದೆಯೇ? ಎಷ್ಟು ಟ್ರಸ್ಟುಗಳ ವಾರ್ಷಿಕ ಜಮಾಖರ್ಚಿನಲ್ಲಿ ಸ್ಥಿತಿಕರಣದ ಹೆಸರಿನ ಒಂದು ಖರ್ಚು ಕಾಣುತ್ತದೆ?

ವಾರಕ್ಕೆ ಎರಡು ಸಂಜೆ, ಒಂದು ಕೋಣೆ, ಇಬ್ಬರು ಸ್ತ್ರೀಯರು ಮತ್ತು ಇಬ್ಬರು ಪುರುಷರು ಇಷ್ಟು ಸಾಕು. ಆದರೆ ಒಳ್ಳೆಯ ಮನಸ್ಸೊಂದಿದ್ದರೆ ಸಾಲದು. 2007ರಲ್ಲಿ ಪ್ರಕಟವಾದ ಸ್ಪೆನ್ಸ್ ಮತ್ತು ಗ್ರಾಂಟ್ ಅವರ ಅಧ್ಯಯನದಲ್ಲಿ 63 ಜನರನ್ನು ಗುಂಪುಗಳಾಗಿ ವಿಂಗಡಿಸಿ ನೋಡಿದಾಗ, ಜನರು ಪರಸ್ಪರ ಕೋಚಿಂಗ್ ಮಾಡಿಕೊಂಡ ಗುಂಪಿಗಿಂತ ವೃತ್ತಿನಿರತರಿಂದ ಪಡೆದ ಗುಂಪು ಗುರಿಸಾಧನೆಯಲ್ಲಿ ಮುಂದಿತ್ತು. ಆದುದರಿಂದ ಆ ನಾಲ್ವರಿಗೆ ಟ್ರಸ್ಟಿನ ಖರ್ಚಿನಲ್ಲಿ ಶಿಕ್ಷಣ ಕೊಡಿಸಬೇಕು. ಅವರು ಟ್ರಸ್ಟಿನ ಪದಾಧಿಕಾರಿಗಳಾಗಿರಬಾರದು, ಸಂಬಂಧ ಕುದುರಿಸುವವರಾಗಿರಬಾರದು, ಕೇಳಿದ್ದನ್ನು ಮನೆಯವರಿಗೂ ಹೇಳಬಾರದು, ರೋಗದ ಲಕ್ಷಣ ಕಂಡರೆ, ಇಲ್ಲವೆ ಪ್ರಾಣಕ್ಕೆ ಅಪಾಯವೆಂದು ತೋರಿದರೆ ತಡಮಾಡದೆ ವೈದ್ಯರ ಬಳಿ ಕಳಿಸಬೇಕು. ಕೇಳಲು ಬರುವವರು ತಮ್ಮ ಊರಿನವರಿಗೆ ಹೇಳಲು ಅಳುಕಿದರೆ, ಎರಡು ಊರುಗಳ ಟ್ರಸ್ಟುಗಳು ಪರಸ್ಪರ ಬದಲಾಯಿಸಿಕೊಳ್ಳಬಹುದು.

ಮನೆಗಳಲ್ಲಿ ಆಗಬೇಕಾದುದಕ್ಕೆ ಹಣವೇ ಬೇಡ. ಮಗನೋ ಸೊಸೆಯೋ ಮಾತು ಆರಂಭಿಸಿದಾಗ ಮುಗಿಯುವವರೆಗೂ ಕೇಳುವುದು. ತೀರ್ಪಿನ ಬದಲು ಒಂದು ಪ್ರಶ್ನೆ ಹಾಕುವುದು. ಕೇಳಿದ್ದನ್ನು ಇಡುಗಂಟಿನಂತೆ ಕಾಯುವುದು. ಇಷ್ಟನ್ನು ಮಾಡಿದ ಹಿರಿಯರು ಲೈಫ್ ಕೋಚ್‌ನನ್ನು ಆಕ್ಷೇಪಿಸಲಿ. ಆ ಅಧಿಕಾರ ಅವರಿಗಿದೆ. ಮಾಡದವರು ಮಕ್ಕಳು ಕೊಟ್ಟ ಶುಲ್ಕದ ಲೆಕ್ಕ ಕೇಳುವ ಮೊದಲು, ಆ ಶುಲ್ಕಕ್ಕೆ ಕಾರಣವಾದ ತಮ್ಮ ಬಾಕಿಯ ಲೆಕ್ಕವನ್ನು ಒಪ್ಪಿಸಲಿ.